ತೊಟ್ಟಿಲು ಕಟ್ಟಿದ ಇಂಜಿನಿಯರ್: ಜಾರ್ಜ್ ಫೆರಿಸ್

ನಾವು ನಾಲ್ವರು. ಒಬ್ಬ ಹಾನಗಲ್ಲಿನವ, ಒಬ್ಬ ಶಿಗ್ಗಾಂವಿಯವ, ಒಬ್ಬ ಸವಣೂರಿನವ, ಇನ್ನೊಬ್ಬ ಹಿರೇಕೆರೂರಿನವ. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕು ಒಂದೇ ಹಾಸ್ಟೆಲ್ ರೂಮಿಗೆ ಬಂದು ಬಿದ್ದಿದ್ದು ನಮ್ಮ ಅದೃಷ್ಟವೋ, ಪಕ್ಕದ ರೂಮಿನವರ ದುರದೃಷ್ಟವೋ ಗೊತ್ತಿಲ್ಲ. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಕನ್ನಡ ಸಂಘದವರು ಹೊಟ್ಟೆಗೆ ಹಾಕ್ಕೋಬೇಕು.

ನಮ್ಮ ಶಿಗ್ಗಾಂವಿಯವನಿಗೆ ಒಂದು ಹುಚ್ಚು ಇದೆ. ಥೀಮ್ ಪಾರ್ಕಿನಲ್ಲಿ ಕೆಲಸ ಮಾಡಬೇಕಂತೆ. ಅವನ ತಾಲೂಕಿನ ಗೊಟಗೋಡಿಯಲ್ಲಿ, ಹೈವೇ ಪಕ್ಕದಲ್ಲೇ, ಉತ್ಸವ ರಾಕ್ ಗಾರ್ಡನ್ ಇದೆಯಲ್ಲ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ್ದು, ಅದನ್ನು ನೋಡುತ್ತಾ ಬೆಳೆದವನು. ಹಳ್ಳಿ ಮನೆ, ಎತ್ತು, ಕಮ್ಮಾರ, ಕುಂಬಾರ, ಎಲ್ಲಾ ನಿಜವಾದ ಅಳತೆಯಲ್ಲಿ ನಿಂತಿವೆ. ಆದರೆ ಅಲ್ಲಿ ಒಳಗೆ ಹೋಗುವ ದಾರಿ ಶಿಲ್ಪಿಗಳದ್ದು. ಮೆಕ್ಯಾನಿಕಲ್ ಓದುವವನು ಯಾವ ಬಾಗಿಲು ಬಡಿಯಬೇಕು? ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಇರೋದು ಸಾಫ್ಟ್‌ವೇರ್ ಮತ್ತು ಕೋರ್ ಅಂತ ಎರಡೇ ಕಾಲಂ. ಜೋಕಾಲಿ ಅನ್ನೋ ಕಾಲಂ ಇಲ್ಲ. ಸೀನಿಯರ್‌ಗಳನ್ನು ಕೇಳಿದ, ನಕ್ಕರು. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳೋದು.

ಆಮೇಲೆ ಯೋಚನೆ ಮಾಡಿದೆವು. ಈ ಕೆಲಸಕ್ಕೆ ಮೊದಲು ನುಗ್ಗಿದ ಇಂಜಿನಿಯರ್ ಯಾರು, ಹೇಗೆ ನುಗ್ಗಿದ ಅಂತ ನೋಡೋಣ ಅನ್ನಿಸಿತು. ಆ ಹೆಸರು ನಮ್ಮೂರ ಜಾತ್ರೆಯಲ್ಲೇ ತಿರುಗುತ್ತಾ ಇತ್ತು. ನಮ್ಮ ಕಡೆ ಅದಕ್ಕೆ ತೊಟ್ಟಿಲು ಅಂತಾರೆ, ಸ್ವಲ್ಪ ಮಾಡರ್ನ್ ಆದವರು ಜಾಯಿಂಟ್ ವೀಲ್ ಅಂತಾರೆ. ಜಯಂಟ್ ಹೋಗಿ ಜಾಯಿಂಟ್ ಆಗಿದ್ದು. ಅದರ ಇನ್ನೊಂದು ಹೆಸರು ಫೆರಿಸ್ ವೀಲ್. ಫೆರಿಸ್ ಅನ್ನೋದು ಕಂಪನಿ ಹೆಸರು ಅಂದುಕೊಂಡಿದ್ದೆವು. ಅಲ್ಲ, ಮನುಷ್ಯ. ಅದೂ ಸಿವಿಲ್ ಇಂಜಿನಿಯರ್.

ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್ ಹುಟ್ಟಿದ್ದು 1859ರ ಫೆಬ್ರವರಿ 14ರಂದು, ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ. ಐದು ವರ್ಷದವನಿದ್ದಾಗ ಅಪ್ಪ ಜಮೀನು ಮಾರಿ ಸಂಸಾರ ಕಟ್ಟಿಕೊಂಡು ಪಶ್ಚಿಮಕ್ಕೆ, ನೆವಾಡಾಕ್ಕೆ ಹೊರಟ. ಅಲ್ಲಿ ಕಾರ್ಸನ್ ನದಿಗೆ ಹಾಕಿದ್ದ ದೊಡ್ಡ ನೀರಿನ ಚಕ್ರವನ್ನು ಹುಡುಗ ಗಂಟೆಗಟ್ಟಲೆ ನೋಡ್ತಾ ಕೂರ್ತಿದ್ದ ಅಂತ ಒಂದು ಕಥೆ ಇದೆ. ನಿಜವೋ, ದೊಡ್ಡವನಾದ ಮೇಲೆ ಜನ ಕಟ್ಟಿದ್ದೋ. ದೊಡ್ಡವರ ಬಾಲ್ಯದಲ್ಲಿ ಇಂಥದ್ದೊಂದು ಇದ್ದೇ ಇರುತ್ತೆ, ಬಿಡಿ. ಓಕ್‌ಲ್ಯಾಂಡಿನ ಮಿಲಿಟರಿ ಶಾಲೆಯಲ್ಲಿ ಓದಿ, ಆಮೇಲೆ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ರೆನ್ಸೆಲೇರ್ ಪಾಲಿಟೆಕ್ನಿಕ್‌ನಿಂದ 1881ರಲ್ಲಿ ಸಿವಿಲ್ ಡಿಗ್ರಿ ತಗೊಂಡ.

ಇನ್ನು ಮುಂದಿನ ಹತ್ತು ವರ್ಷ ನೋಡಿ. ಅದರಲ್ಲಿ ಆಟ, ಮನರಂಜನೆ, ಜಾತ್ರೆ ಯಾವುದೂ ಇಲ್ಲ. ಮೊದಲು ರೈಲ್ವೆ ಕೆಲಸ. ಆಮೇಲೆ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಸೇತುವೆ ಕಂಪನಿ. ಆಗ ಸೇತುವೆಗಳು ಕಬ್ಬಿಣ ಬಿಟ್ಟು ಉಕ್ಕಿಗೆ ಬದಲಾಗುತ್ತಿದ್ದ ಕಾಲ. ಉಕ್ಕು ಹೊಸದು, ಒಂದು ಕಾರ್ಖಾನೆಯ ಉಕ್ಕಿನ ಹಾಗೆ ಇನ್ನೊಂದರದ್ದು ಇರ್ತಿರಲಿಲ್ಲ. ತಗೊಂಡ ಮಾಲು ಸರಿ ಇದೆಯಾ ಅಂತ ಯಾರಾದರೂ ಹೋಗಿ ಪರೀಕ್ಷೆ ಮಾಡಬೇಕಿತ್ತು. ಫೆರಿಸ್ ಆ ಕೆಲಸ ಹಿಡಿದ. ಪಿಟ್ಸ್‌ಬರ್ಗ್‌ನಲ್ಲಿ ತನ್ನದೇ ಕಂಪನಿ ಶುರು ಮಾಡಿದ. ರೈಲ್ವೆಯವರು, ಸೇತುವೆಯವರು ಕೊಳ್ಳುವ ಉಕ್ಕನ್ನು ಕಾರ್ಖಾನೆಗೇ ಹೋಗಿ ಟೆಸ್ಟ್ ಮಾಡಿ ಪಾಸ್, ಫೇಲ್ ಅನ್ನೋದು. ನಮ್ಮ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ಇದೆಯಲ್ಲ, ರೆಕಾರ್ಡ್ ಬರೆಯೋಕೆ ಬೇಜಾರು ಮಾಡ್ಕೋತೀವಲ್ಲ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಈತ.

ಬಾಗಿಲು ತೆರೆದಿದ್ದು ಅಲ್ಲಿಂದಲೇ. ಕೊಲಂಬಸ್ ಅಮೆರಿಕಕ್ಕೆ ಬಂದು 400 ವರ್ಷ ಆಯ್ತು ಅಂತ 1893ರಲ್ಲಿ ಶಿಕಾಗೋದಲ್ಲಿ ಒಂದು ಜಾಗತಿಕ ಮೇಳ ಮಾಡಲು ಹೊರಟಿದ್ದರು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಜೊತೆಗೇ ನಡೆದದ್ದು. ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಬೆಳಗಾವಿಗೆ ಬಂದು ಹೋಗಿದ್ದವರು ಮುಂದಿನ ಬೇಸಿಗೆಯಲ್ಲಿ ಆ ಊರಿನಲ್ಲಿದ್ದರು. ಅದೇ ಬೇಸಿಗೆಯಲ್ಲಿ ಫೆರಿಸ್‌ನ ಚಕ್ರವೂ ತಿರುಗುತ್ತಿತ್ತು ಅನ್ನೋದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಮೇಳದ ಕಟ್ಟಡಗಳಿಗೆ ಬರುವ ಉಕ್ಕನ್ನು ಪರೀಕ್ಷೆ ಮಾಡುವ ಗುತ್ತಿಗೆ ಫೆರಿಸ್ ಕಂಪನಿಗೆ ಸಿಕ್ಕಿತ್ತು. ಮೇಳದ ನಿರ್ಮಾಣದ ಮುಖ್ಯಸ್ಥ ಡೇನಿಯಲ್ ಬರ್ನ್‌ಹಮ್‌ಗೆ ಒಂದೇ ಚಿಂತೆ. 1889ರಲ್ಲಿ ಪ್ಯಾರಿಸ್‌ನವರು 300 ಮೀಟರಿನ ಐಫೆಲ್ ಗೋಪುರ ನಿಲ್ಲಿಸಿ ಮೀಸೆ ತಿರುವಿದ್ದರು. ಅದನ್ನು ಮೀರಿಸೋದು ಏನಾದರೂ ಬೇಕು. ಇಂಜಿನಿಯರ್‌ಗಳನ್ನು ಸೇರಿಸಿ ಕೆಣಕಿದ. ಬಂದ ಐಡಿಯಾ ಎಲ್ಲಾ ಗೋಪುರ, ಗೋಪುರ, ಇನ್ನೂ ಎತ್ತರದ ಗೋಪುರ. ಫೆರಿಸ್ ಒಬ್ಬ ಊಟದ ಟೇಬಲ್‌ನಲ್ಲಿ ಕೂತು ಚಕ್ರ ಗೀಚಿದನಂತೆ. ವ್ಯಾಸ 250 ಅಡಿ.

ತಿರುಗುವ ತೊಟ್ಟಿಲು ಫೆರಿಸ್ ಕಂಡುಹಿಡಿದದ್ದಲ್ಲ, ಇದನ್ನು ಸ್ಪಷ್ಟ ಹೇಳಿಬಿಡಬೇಕು. ಮರದ ಸಣ್ಣ ತೊಟ್ಟಿಲುಗಳು ಏಷ್ಯಾದ ಜಾತ್ರೆಗಳಲ್ಲಿ ನೂರಾರು ವರ್ಷಗಳಿಂದ ಇದ್ದವು. ಅಮೆರಿಕದಲ್ಲೇ ವಿಲಿಯಂ ಸೋಮರ್ಸ್ ಅನ್ನುವವನು 1892ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮರದ ಚಕ್ರ ತಿರುಗಿಸುತ್ತಿದ್ದ. ಆಮೇಲೆ ಫೆರಿಸ್ ಮೇಲೆ ಕೇಸೂ ಹಾಕಿದ, ಅದು ನಿಲ್ಲಲಿಲ್ಲ. ಫೆರಿಸ್ ಮಾಡಿದ್ದು ಬೇರೆ. ಜಾತ್ರೆಯ ಆಟಿಕೆಯನ್ನು ಸೇತುವೆಯ ಲೆಕ್ಕಕ್ಕೆ ತಂದ.

ಚಿತ್ರ ನೋಡಿದ ಬರ್ನ್‌ಹಮ್ ಇದು ನಿಲ್ಲಲ್ಲ ಅಂದ. ಕಡ್ಡಿಗಳು ತೀರಾ ತೆಳ್ಳಗಿದ್ದವು. ಯಾರು ನೋಡಿದರೂ ಹೆದರುವ ಹಾಗೇ ಇತ್ತು. ಈ ಜಾಗ ನಮ್ಮ ನಾಲ್ವರಿಗೂ ಬಹಳ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀವಿ. ಸೈಕಲ್ ಚಕ್ರ ನೆನಪು ಮಾಡಿಕೊಳ್ಳಿ. ಫೆರಿಸ್ ಚಕ್ರದ ಕಡ್ಡಿಗಳೂ ಹಾಗೇ, ಎಳೆತಕ್ಕೆ ಮಾತ್ರ, ಒತ್ತಡಕ್ಕಲ್ಲ. ಅಕ್ಷದಿಂದ ಕೆಳಗೆ ಇಳಿದ ಕಡ್ಡಿಗಳಿಗೆ ಚಕ್ರದ ಕೆಳಗಿನ ಅರ್ಧ ನೇತಾಡುತ್ತೆ. ಮೇಲಿನ ಅರ್ಧ ಆ ಕೆಳಗಿನ ಅರ್ಧದ ಮೇಲೆ ಕಮಾನಿನ ಹಾಗೆ ನಿಂತಿರುತ್ತೆ. ಕಡ್ಡಿ ಮೇಲೆ ಭಾರ ಕೂರಿಸಿದರೆ ತೆಳ್ಳಗಿನ ಕಡ್ಡಿ ಬಾಗಿ ಹೋಗುತ್ತೆ, ಬಕ್ಲಿಂಗ್ ಚಾಪ್ಟರ್ ನೆನಪಿದೆಯಲ್ಲ. ಎಳೆದರೆ ಅದೇ ಕಡ್ಡಿ ಜಗ್ಗಲ್ಲ. ಕಾಗದದ ಮೇಲೆ ಇದನ್ನು ಲೆಕ್ಕ ಹಾಕಿ ತೋರಿಸಿದವನು ಫೆರಿಸ್‌ನ ಜೊತೆಗಾರ ವಿಲಿಯಂ ಗ್ರೊನಾವ್. ಅವನ ಹೆಸರಲ್ಲಿ ಯಾವ ಜಾತ್ರೆಯಲ್ಲೂ ಏನೂ ತಿರುಗುತ್ತಿಲ್ಲ, ಅನ್ಯಾಯ.

ಬೇಡ ಅಂದ ಮೇಲೆ ಫೆರಿಸ್ ಏನು ಮಾಡಿದ ಅನ್ನೋದೇ ನಮ್ಮ ಶಿಗ್ಗಾಂವಿಯವನಿಗೆ ಬೇಕಾಗಿದ್ದ ಉತ್ತರ. ಸ್ವಂತ 25,000 ಡಾಲರ್ ಸುರಿದು ಪೂರ್ತಿ ನಕ್ಷೆ, ಅಳತೆ, ವಿವರಗಳನ್ನು ತಯಾರು ಮಾಡಿಸಿದ. ಹಣ ಹಾಕುವವರನ್ನು ತಾನೇ ಹುಡುಕಿದ. 1892ರ ಬೇಸಿಗೆಯಲ್ಲಿ ಸಮಿತಿ ಒಪ್ಪಿತು, ಮಾರನೇ ದಿನವೇ ಹಿಂದೆ ಸರಿಯಿತು. ಮತ್ತೆ ಹೋದ. ಕೊನೆಗೆ ಡಿಸೆಂಬರ್ 16ಕ್ಕೆ ಒಪ್ಪಿಗೆ ಸಿಕ್ಕಿತು. ಮೇಳ ಶುರು ಮೇ 1ಕ್ಕೆ. ಉಳಿದದ್ದು ನಾಲ್ಕೂವರೆ ತಿಂಗಳು, ಅಂದರೆ ಒಂದು ಸೆಮಿಸ್ಟರ್. ನಾವು ಅಷ್ಟರಲ್ಲಿ ಒಂದು ಮಿನಿ ಪ್ರಾಜೆಕ್ಟ್ ರಿಪೋರ್ಟ್ ಮುಗಿಸಲ್ಲ.

ಶಿಕಾಗೋದ ಚಳಿಗಾಲ ಬೇರೆ. ಮೂರು ಅಡಿ ಮಣ್ಣು ಹೆಪ್ಪುಗಟ್ಟಿತ್ತು, ಅದರ ಕೆಳಗೆ ಕುಸಿಯುವ ಮರಳು. ಹಬೆ ಬಿಟ್ಟು ನೆಲ ಕರಗಿಸಿದರು, ಹಾಕಿದ ಕಾಂಕ್ರೀಟ್ ಹೆಪ್ಪಾಗದಂತೆ ಅದಕ್ಕೂ ಹಬೆ ಕೊಟ್ಟರು. ಒಂದೊಂದು ಪಾಯ 20 ಅಡಿ ಉದ್ದ, 20 ಅಡಿ ಅಗಲ, 35 ಅಡಿ ಆಳ, ಅಂಥವು ಎಂಟು. ಅಕ್ಷವನ್ನು ಬೆಥ್ಲೆಹೆಮ್ ಐರನ್ ಕಂಪನಿ ಎರಕವಲ್ಲ, ಬಡಿದು ಮಾಡಿಕೊಟ್ಟಿತು. ಸುಮಾರು 45 ಅಡಿ ಉದ್ದ, ಹತ್ತಿರ ಹತ್ತಿರ 45 ಟನ್ ತೂಕ. ಅದನ್ನು 140 ಅಡಿ ಎತ್ತರದ ಕಂಬಗಳ ಮೇಲೆ ಎರಡೇ ಗಂಟೆಯಲ್ಲಿ ಏರಿಸಿ ಕೂರಿಸಿದರು. ಒಂದೇ ಕಾರ್ಖಾನೆಗೆ ಇಷ್ಟು ಬೇಗ ಎಲ್ಲಾ ಮಾಡಿಕೊಡಲು ಆಗಲ್ಲ, ಹಾಗಾಗಿ ಒಂದು ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿದರು. ಎಲ್ಲಾ ಬಂದು ಮೈದಾನದಲ್ಲಿ ಮೊದಲ ಸಲ ಸೇರಿದಾಗ ತೂತಿಗೆ ತೂತು ಕೂರಬೇಕು. ಇಲ್ಲಿ ಆತನ ಇನ್‌ಸ್ಪೆಕ್ಷನ್ ಕೆಲಸ ಉಪಯೋಗಕ್ಕೆ ಬಂತು. ಯಾವ ಕಾರ್ಖಾನೆ ಎಂಥಾ ಮಾಲು ಕೊಡುತ್ತೆ ಅಂತ ಗೊತ್ತಿದ್ದವನು, ಪ್ರತಿಯೊಂದು ತುಂಡನ್ನೂ ಅಲ್ಲಿಂದಲೇ ಅಳೆಸಿ ಕಳಿಸಿದ.

ಮೇಳ ಶುರುವಾದ ದಿನ ಚಕ್ರ ಇನ್ನೂ ಅರ್ಧಂಬರ್ಧ. ಜೂನ್ 9ರಂದು ಮೊದಲ ಸಲ ತಿರುಗಿಸಿದರು. ಫೆರಿಸ್ ಅಲ್ಲಿರಲಿಲ್ಲ, ಪಿಟ್ಸ್‌ಬರ್ಗ್‌ನಲ್ಲಿದ್ದ, ತಿರುಗಿತು ಅಂತ ಟೆಲಿಗ್ರಾಂ ಹೋಯಿತು. ತಿರುಗುತ್ತಾ ಇದ್ದ ಹಾಗೆ ಮೇಲಿಂದ ನಟ್ಟು ಬೋಲ್ಟುಗಳ ಮಳೆ. ಕೆಲಸದವರು ಮೇಲೆ ಬಿಟ್ಟು ಮರೆತವು! ಎರಡು ದಿನ ಬಿಟ್ಟು ಡಬ್ಬಿ ಕಟ್ಟಿದಾಗ ಮೊದಲು ಹತ್ತಿದವರಲ್ಲಿ ಆತನ ಹೆಂಡತಿ ಮಾರ್ಗರೆಟ್ ಇದ್ದಳು.

ಜೂನ್ 21ಕ್ಕೆ ಜನರಿಗೆ ತೆರೆದರು. ಒಟ್ಟು ಎತ್ತರ 264 ಅಡಿ. 36 ಡಬ್ಬಿ, ಒಂದೊಂದರಲ್ಲಿ 60 ಜನ, ಒಟ್ಟಿಗೆ 2,160 ಮಂದಿ. ಡಬ್ಬಿ ಅಂದರೆ ನಮ್ಮ ಜಾತ್ರೆಯ ನಾಲ್ಕು ಜನರ ತೊಟ್ಟಿಲಲ್ಲ, ಒಂದು ಬಸ್ಸು ಅಂದುಕೊಳ್ಳಿ. 1,000 ಅಶ್ವಶಕ್ತಿಯ ಹಬೆ ಇಂಜಿನ್ ಒಂದು ತಿರುಗಿಸುತ್ತಿತ್ತು, ಅಂಥದ್ದೇ ಇನ್ನೊಂದು ಪಕ್ಕದಲ್ಲಿ ಕಾದಿತ್ತು. ಟಿಕೆಟ್ 50 ಸೆಂಟ್, ಮೇಳದ ಪ್ರವೇಶಕ್ಕೂ ಅಷ್ಟೇ. ಜುಲೈ 9ರ ಬಿರುಗಾಳಿಗೆ ಪಕ್ಕದಲ್ಲಿದ್ದ ಬಲೂನು ಚಿಂದಿಯಾಯಿತು, ಚಕ್ರಕ್ಕೆ ಏನೂ ಆಗಲಿಲ್ಲ. ನವೆಂಬರ್‌ನಲ್ಲಿ ನಿಲ್ಲಿಸುವ ಹೊತ್ತಿಗೆ ದುಡ್ಡು ಕೊಟ್ಟು ಹತ್ತಿದವರು 14 ಲಕ್ಷ ದಾಟಿದ್ದರು, ಸೇರಿದ ಹಣ 7 ಲಕ್ಷ 26 ಸಾವಿರ ಡಾಲರ್ ಮೇಲೆ.

ಕಥೆ ಇಲ್ಲಿಗೆ ನಿಂತಿದ್ದರೆ ನಾವು ಒಂದು ಪೋಸ್ಟರ್ ಮಾಡಿ ರೂಮಿನ ಗೋಡೆಗೆ ಅಂಟಿಸುತ್ತಿದ್ದೆವು.

ಒಪ್ಪಂದದ ಪ್ರಕಾರ ಮೊದಲ ಮೂರು ಲಕ್ಷ ಕಂಪನಿಗೆ, ಮೇಲೆ ಬಂದದ್ದರಲ್ಲಿ ಅರ್ಧ ಮೇಳದವರಿಗೆ. ಲೆಕ್ಕದಲ್ಲಿ ಜಗಳ ಬಂತು, ಕೋರ್ಟಿಗೆ ಹೋಯಿತು. ಚಕ್ರ ಬಿಚ್ಚಿ ಶಿಕಾಗೋದ ಇನ್ನೊಂದು ಕಡೆ ಕಟ್ಟಿದರು. ಅಕ್ಕಪಕ್ಕದವರಿಗೆ ಅದು ಬೇಡವಾಗಿತ್ತು, ಜನವೂ ಬರಲಿಲ್ಲ. ದೇಶದಲ್ಲಿ ಆಗ ಆರ್ಥಿಕ ಕುಸಿತ. ಸಾಲ ಬೆಳೆಯಿತು. ಫೆರಿಸ್ ತನ್ನ ಪಾಲು ಮಾರಿಕೊಂಡ. ಮಾರ್ಗರೆಟ್ ಬಿಟ್ಟು ಹೋದಳು. 1896ರ ನವೆಂಬರ್ 22ರಂದು ಪಿಟ್ಸ್‌ಬರ್ಗ್‌ನ ಆಸ್ಪತ್ರೆಯಲ್ಲಿ ಟೈಫಾಯ್ಡ್‌ನಿಂದ ಸತ್ತ. ವಯಸ್ಸು 37. ಅಂತ್ಯಕ್ರಿಯೆಯ ಬಿಲ್ ಕಟ್ಟಿರಲಿಲ್ಲ ಅಂತ ಚಿತಾಭಸ್ಮ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದಿತ್ತು.

ಇದನ್ನು ಓದಿದ ರಾತ್ರಿ ರೂಮಿನಲ್ಲಿ ಜಗಳವೇ ಆಯಿತು. ಸವಣೂರಿನವನ ಪ್ರಕಾರ ಫೆರಿಸ್ ದಡ್ಡ, ಟೆಸ್ಟಿಂಗ್ ಕಂಪನಿಯಲ್ಲೇ ಇದ್ದಿದ್ದರೆ ಮೊಮ್ಮಕ್ಕಳ ಜೊತೆ ಕೂತು ಎಲೆ ಅಡಿಕೆ ಹಾಕ್ಕೋಬಹುದಿತ್ತು. ಹಾನಗಲ್ಲಿನವನ ಪ್ರಕಾರ ತಪ್ಪು ಚಕ್ರದ್ದಲ್ಲ, ಅಗ್ರಿಮೆಂಟ್ ಓದದೇ ಸಹಿ ಮಾಡಿದ್ದು. ನಮಗೆ ಅನ್ನಿಸೋದು, ಆತ ಒಳಗೆ ಹೋದ ಬಾಗಿಲು ಸರಿಯಾಗಿತ್ತು, ಒಳಗೆ ಹೋದ ಮೇಲೆ ಕೂರೋಕೆ ಅಲ್ಲಿ ಇನ್ನೂ ಕುರ್ಚಿಯೇ ಇರಲಿಲ್ಲ. ಅಮ್ಯೂಸ್‌ಮೆಂಟ್ ಪಾರ್ಕ್ ಅನ್ನೋ ಉದ್ಯಮ ಆಗಿನ್ನೂ ಕಣ್ಣು ಬಿಡುತ್ತಿತ್ತು. ಆ ಚಕ್ರ ಕೊಳ್ಳಲು ಬಂದು ಸಿಗದೇ ಹೋದ ಜಾರ್ಜ್ ಟಿಲ್ಯು, ಅದರ ಅರ್ಧ ಅಳತೆಯದ್ದನ್ನು ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ನಿಲ್ಲಿಸಿ, 1897ರಲ್ಲಿ ಅಲ್ಲೇ ಸ್ಟೀಪಲ್‌ಚೇಸ್ ಪಾರ್ಕ್ ತೆರೆದ. ಅದೇ ವರ್ಷ ವಿಯೆನ್ನಾದಲ್ಲಿ ಎದ್ದ ಚಕ್ರ ಇವತ್ತಿಗೂ ತಿರುಗುತ್ತಿದೆ. ಶಿಕಾಗೋ ಮೇಳ ಕಟ್ಟುವಾಗ ದುಡಿದ ಬಡಗಿಗಳಲ್ಲಿ ಇಲಿಯಾಸ್ ಡಿಸ್ನಿ ಅನ್ನುವವನೂ ಒಬ್ಬ. ಅವನ ಮಗ ವಾಲ್ಟ್ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ. ನಮ್ಮ ಬಿಡದಿಗೆ ವಂಡರ್‌ಲಾ ಬಂದದ್ದು 2005ರಲ್ಲಿ, ಅದರ ಹಿಂದಿದ್ದವರೂ ವೋಲ್ಟೇಜ್ ಸ್ಟೆಬಿಲೈಸರ್ ಮಾಡುತ್ತಿದ್ದವರೇ.

ಫೆರಿಸ್‌ನ ಚಕ್ರವನ್ನು ಗುಜರಿಯವರು ಕೊಂಡು, 1904ರಲ್ಲಿ ಸೇಂಟ್ ಲೂಯಿಸ್ ಮೇಳದಲ್ಲಿ ಇನ್ನೊಮ್ಮೆ ತಿರುಗಿಸಿದರು. 1906ರ ಮೇ 11ರಂದು ಡೈನಮೈಟ್ ಇಟ್ಟು ಕೆಡವಿದರು.

ಈ ಸಲ ರಜೆಯಲ್ಲಿ ನಾಲ್ವರೂ ಜಾತ್ರೆಗೆ ಎರಡು ದಿನ ಮೊದಲೇ ಹೋದೆವು. ತೊಟ್ಟಿಲು ಇನ್ನೂ ಜೋಡಿಸುತ್ತಿದ್ದರು, ಲಾರಿಯಿಂದ ಕಡ್ಡಿಗಳು ಇಳಿಯುತ್ತಿದ್ದವು. ಶಿಗ್ಗಾಂವಿಯವನು ತೊಟ್ಟಿಲಿನ ಕಾಕಾನ ಹಿಂದೆ ಹಿಂದೆ ತಿರುಗಿ, ಬೇರಿಂಗ್ ಯಾವುದು, ಗ್ರೀಸ್ ಎಷ್ಟು ದಿನಕ್ಕೆ ಅಂತ ತಲೆ ತಿಂದ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅವನ ಕೈಗೆ ಒಂದು ಪಾನಾ ಕೊಟ್ಟು, ಜೋಡಿಸಿ ಮುಗಿದ ನಾಲ್ಕು ಕಡ್ಡಿಯ ನಟ್ಟು ನೋಡು ಹೋಗು ಅಂದರು. ನೋಡಿದ. ಎರಡು ನಟ್ಟು ಇನ್ನೂ ಅರ್ಧ ಸುತ್ತು ತಿರುಗಿದವು. ಕಾಕಾ ಬಂದು ಕೈಯಿಂದ ಮುಟ್ಟಿ ನೋಡಿ, ಮುಂದಿನ ನಾಲ್ಕು ತೋರಿಸಿದರು. ಕತ್ತಲಾಗುವವರೆಗೂ ಅವನು ಕೆಳಗೆ ಇಳಿಯಲಿಲ್ಲ, ನಾವು ಮೂವರು ಗಿರ್ಮಿಟ್ ತಿಂದು ಅವನಿಗೊಂದು ಪೊಟ್ಟಣ ಕಟ್ಟಿಸಿಕೊಂಡು ಕಾದೆವು.