ಹಳೆಯ ಯಂತ್ರದ ಹಲ್ಲು ಎಣಿಸಿದ ವಿಜ್ಞಾನಿ

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವ ನಮ್ಮಂಥವರ ನಡುವೆ ಇತಿಹಾಸವೆಂದರೆ ಪರೀಕ್ಷೆಗಾಗಿ ಇಸವಿ ಬಾಯಿಪಾಠ ಮಾಡುವ ವಿಷಯ ಎಂಬ ಮಾತು ಸಾಮಾನ್ಯ. ಅದು ಹಾಗಲ್ಲ ಎನ್ನಲು ಭೌತವಿಜ್ಞಾನಿಯಾಗಿದ್ದು ವಿಜ್ಞಾನದ ಇತಿಹಾಸಕಾರರಾದ ಡೆರೆಕ್ ಡಿ ಸೊಲ್ಲಾ ಪ್ರೈಸ್ ಅವರ ಜೀವನವೇ ಸಾಕ್ಷಿ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ಪರಿಚಯಿಸಲು ನನಗೆ ಸಂತೋಷವಾಗುತ್ತದೆ.

ಪ್ರೈಸ್ 1922ರಲ್ಲಿ ಲಂಡನ್ನಿನ ಲೇಟನ್‌ನಲ್ಲಿ ಹುಟ್ಟಿದರು. ತಂದೆ ದರ್ಜಿ, ತಾಯಿ ಗಾಯಕಿ. 1938ರಲ್ಲಿ ಒಂದು ತಾಂತ್ರಿಕ ಕಾಲೇಜಿಗೆ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದರು. ಉಪಕರಣಗಳ ಒಡನಾಟದಲ್ಲೇ ಓದು ಮುಂದುವರಿಸಿ, 1946ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ನಂತರ ಸಿಂಗಪುರದ ರಾಫಲ್ಸ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಅಲ್ಲಿ ಗ್ರಂಥಾಲಯದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಹೀಗಾಗಿ ರಾಯಲ್ ಸೊಸೈಟಿಯು 1665ರಿಂದ ಹೊರತರುತ್ತಿದ್ದ ಸಂಶೋಧನಾ ಪತ್ರಿಕೆಯ ಸಂಪುಟಗಳನ್ನು ಅವರು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದತೊಡಗಿದರು. ಹತ್ತು ಹತ್ತು ವರ್ಷದ ಸಂಪುಟಗಳನ್ನು ಗೋಡೆಯ ಪಕ್ಕ ಒಂದೊಂದು ಅಟ್ಟಿಯಾಗಿ ಜೋಡಿಸಿದಾಗ, ಅಟ್ಟಿಗಳ ಎತ್ತರ ದುಪ್ಪಟ್ಟು ದುಪ್ಪಟ್ಟಾಗಿ ಏರುವುದು ಕಂಡಿತು. ವಿಜ್ಞಾನದ ಬೆಳವಣಿಗೆಯನ್ನೂ ಅಳೆಯಬಹುದೆಂಬ ಅವರ ವಿಚಾರ ಹುಟ್ಟಿದ್ದು ಅಲ್ಲಿ. ಯಾವ ಲೇಖನ ಯಾವುದನ್ನು ಉಲ್ಲೇಖಿಸುತ್ತದೆ ಎಂಬ ಜಾಲವನ್ನು ಅವರು 1965ರಲ್ಲಿ ವಿವರಿಸಿದರು. ಒಂದು ಪುಟಕ್ಕೆ ಎಷ್ಟು ಪುಟಗಳಿಂದ ಕೊಂಡಿಗಳಿವೆ ಎಂದು ಗೂಗಲ್ ನೋಡುವುದೂ ಇದೇ ಜಾಡಿನ ಲೆಕ್ಕ.

1954ರಲ್ಲಿ ಕೇಂಬ್ರಿಜ್‌ನಿಂದ ಇತಿಹಾಸದಲ್ಲಿ ಎರಡನೇ ಡಾಕ್ಟರೇಟ್ ಪಡೆದು, ಮುಂದೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಈ ನಡುವೆ ಅವರ ಮನಸ್ಸನ್ನು ಸೆಳೆದದ್ದು ಅಥೆನ್ಸ್ ವಸ್ತುಸಂಗ್ರಹಾಲಯದಲ್ಲಿದ್ದ ಕಿಲುಬು ಹಿಡಿದ ಕಂಚಿನ ಚೂರುಗಳು. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ ಅವು ಎರಡು ಸಾವಿರ ವರ್ಷ ಹಳೆಯವು. ಪ್ರೈಸ್ 1958ರಲ್ಲಿ ಅಲ್ಲಿಗೆ ಹೋಗಿ ಅವನ್ನು ಪರೀಕ್ಷಿಸಿದರು. 1971ರಲ್ಲಿ ಗ್ರೀಕ್ ವಿಜ್ಞಾನಿ ಕರಾಕಲೋಸ್ ಗಾಮಾ ಕಿರಣದಿಂದ ಒಳಗಿನ ಚಿತ್ರ ತೆಗೆದರು. ಪ್ರೈಸ್ ಅದರಲ್ಲಿ ಕಂಡ ಚಕ್ರಗಳ ಹಲ್ಲುಗಳಿಂದ ಲೆಕ್ಕ ಹಾಕಿದರು. 19 ವರ್ಷಕ್ಕೆ ಚಂದ್ರ ನಕ್ಷತ್ರಗಳ ನಡುವೆ 254 ಸುತ್ತು ಬರುವುದನ್ನು ಆ ಚಕ್ರಗಳು ತೋರಿಸುತ್ತಿದ್ದವು. 254ರಲ್ಲಿ 19 ಕಳೆದರೆ 235 ಚಾಂದ್ರಮಾಸ. ಅಂದರೆ 19 ವರ್ಷಕ್ಕೆ ಏಳು ಅಧಿಕಮಾಸ. ನಮ್ಮ ಊರಿನ ಪಂಚಾಂಗ ಬಲ್ಲ ಹಿರಿಯರಿಗೆ ಈ ಲೆಕ್ಕ ಹೊಸದೇನಲ್ಲ. ಗ್ರೀಕರು ಅದನ್ನು ಯಂತ್ರದಲ್ಲಿ ಕೂರಿಸಿದ್ದರು!

1974ರಲ್ಲಿ ಪ್ರೈಸ್ ಇದನ್ನೆಲ್ಲ ಪ್ರಕಟಿಸಿದರು. 1983ರಲ್ಲಿ ತೀರಿಕೊಂಡರು. ಅವರು ಊಹಿಸಿದ್ದ ಕೆಲವು ಜೋಡಣೆಗಳನ್ನು ಹೊಸ ಎಕ್ಸ್‌ರೇ ತಂತ್ರ ಬಳಸಿದವರು 2006ರಲ್ಲಿ ತಿದ್ದಿದರು. ಆದರೆ ಚಂದ್ರನ ಆ ಲೆಕ್ಕ ಇಂದಿಗೂ ನಿಂತಿದೆ.

ಗುರುಗಳಲ್ಲಿ, ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ಸಡಗರದಲ್ಲಿ ಶಾಲೆಗೆ ಸುಣ್ಣಬಣ್ಣ ಬಳಿಯುವಾಗ ಹಳೆಯ ಉಪಕರಣ, ಹಳೆಯ ಪುಸ್ತಕಗಳು ಗುಜರಿಗೆ ಹೋಗುವುದುಂಟು. ಹೋಗುವ ಮೊದಲು ಅವನ್ನು ಒಮ್ಮೆ ಮಕ್ಕಳ ಕೈಗೆ ಕೊಡಿ. ಬಿಚ್ಚಿ ನೋಡಲಿ, ಎಣಿಸಲಿ, ಪ್ರಶ್ನೆ ಕೇಳಲಿ.