ನೊಣದೊಳಗಿನ ಗಡಿಯಾರ ಹುಡುಕಿದ ರಾತ್ರಿಗೂಬೆ: ಸೆಮೋರ್ ಬೆಂಜರ್

ಮಾಗಿದ ಬಾಳೆಹಣ್ಣಿಗೆ ಮುತ್ತಿಕೊಳ್ಳುವ ಪುಟ್ಟ ನೊಣ ಗೊತ್ತಲ್ಲ? ಕೈ ಬೀಸಿ ಓಡಿಸ್ತೀವಿ, ಅಷ್ಟೇ. ಆದರೆ ಆ ನೊಣಕ್ಕೂ ಹೊತ್ತು ಗೊತ್ತಾಗುತ್ತೆ. ಕೋಶ ಒಡೆದು ಅದು ಹೊರಬರೋದು ಹೆಚ್ಚಾಗಿ ಬೆಳಗಿನ ಹೊತ್ತಿಗೆ. ಕತ್ತಲ ಕೋಣೆಯಲ್ಲಿಟ್ಟರೂ ಈ ಲೆಕ್ಕ ಸುಮಾರಾಗಿ ತಪ್ಪೋದಿಲ್ಲ. ಹಾಗಾದರೆ ಸಮಯ ಹೇಳುತ್ತಿರುವುದು ಸೂರ್ಯನಲ್ಲ, ಒಳಗಿರುವ ಇನ್ನೇನೋ. ಅದು ಎಲ್ಲಿದೆ ಅಂತ ಹುಡುಕಲು ಹೊರಟ ಪ್ರಯೋಗಾಲಯದ ಯಜಮಾನ ಸೆಮೋರ್ ಬೆಂಜರ್.

1921ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಪೋಲೆಂಡ್‌ನಿಂದ ವಲಸೆ ಬಂದಿದ್ದ ಯಹೂದಿ ದಂಪತಿಗೆ ಹುಟ್ಟಿದವರು. 13ನೇ ವಯಸ್ಸಿಗೆ ಉಡುಗೊರೆಯಾಗಿ ಸಿಕ್ಕಿದ್ದು ಒಂದು ಸೂಕ್ಷ್ಮದರ್ಶಕ. ಓದಿದ್ದು ಮಾತ್ರ ಭೌತಶಾಸ್ತ್ರ. ಯುದ್ಧಕಾಲದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜರ್ಮೇನಿಯಂ ಮೇಲೆ ಕೆಲಸ ಮಾಡಿದರು. ಶ್ರೋಡಿಂಗರ್ ಜೀವದ ಬಗ್ಗೆ ಬರೆದಿದ್ದ ಸಣ್ಣ ಪುಸ್ತಕವೊಂದು ದಾರಿ ತಪ್ಪಿಸಿತು, ಅಥವಾ ದಾರಿಗೆ ಹಚ್ಚಿತು ಅನ್ನಿ. 1950ರ ದಶಕದಲ್ಲಿ ವೈರಸ್‌ಗಳನ್ನು ಇಟ್ಟುಕೊಂಡು, ಜೀನ್ ಅನ್ನೋದು ಒಡೆಯಲಾಗದ ಮಣಿಯಲ್ಲ, ಅದರೊಳಗೂ ಭಾಗಗಳಿವೆ ಅಂತ ತೋರಿಸಿದರು. ಅಷ್ಟಕ್ಕೇ ನಿಂತಿದ್ದರೂ ಹೆಸರು ಉಳಿಯುತ್ತಿತ್ತು.

ನಿಲ್ಲಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬಳ ಸ್ವಭಾವ ಇನ್ನೊಬ್ಬಳಿಗಿಲ್ಲ. ಸ್ವಭಾವ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸೇರಿ ಹಣ್ಣುನೊಣ ಹಿಡಿದರು. ಒಂದೊಂದು ಜೀನ್ ಕೆಡಿಸಿ, ಯಾವ ನಡವಳಿಕೆ ಕೆಡುತ್ತೆ ನೋಡೋದು, ಇಷ್ಟೇ ಉಪಾಯ. ನಡವಳಿಕೆಯಂಥ ಗೋಜಲು ವಿಷಯ ಒಂದು ಜೀನ್‌ಗೆ ಸಿಗುತ್ತಾ ಅಂತ ಹಲವರು ಮೂಗು ಮುರಿದರು.

ಇಲ್ಲಿ ಬರೋದು ರಾನ್ ಕೊನೋಪ್ಕಾ ಎಂಬ ವಿದ್ಯಾರ್ಥಿ. ರಾಸಾಯನಿಕ ತಿನ್ನಿಸಿದ ನೊಣಗಳ ಸಂತತಿಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಕೋಶ ಒಡೆಯುವವನ್ನು ಆತ ಆರಿಸತೊಡಗಿದ. ಮೂರು ಬಗೆ ಸಿಕ್ಕವು. ಒಂದರ ದಿನ 19 ಗಂಟೆ, ಇನ್ನೊಂದರದ್ದು 28 ಗಂಟೆ. ಮೂರನೆಯದಕ್ಕೆ ಹೊತ್ತಿನ ಗೊಡವೆಯೇ ಇಲ್ಲ. ಅಚ್ಚರಿ ಏನಂದ್ರೆ, ಮೂರರ ದೋಷವೂ ಎಕ್ಸ್ ವರ್ಣತಂತುವಿನ ಒಂದೇ ಜಾಗದಲ್ಲಿತ್ತು. ಬೆಂಜರ್ ಈ ಸುದ್ದಿ ಹೇಳಿದಾಗ ಗೆಳೆಯ ಮ್ಯಾಕ್ಸ್ ಡೆಲ್‌ಬ್ರೂಕ್ ನಂಬಲೇ ಇಲ್ಲ. ಡೆಲ್‌ಬ್ರೂಕ್ ನೊಬೆಲ್ ಪಡೆದ ದೊಡ್ಡ ಮನುಷ್ಯ. 1971ರಲ್ಲಿ ಪ್ರಬಂಧ ಪ್ರಕಟವಾಯಿತು. ಆ ಜೀನ್‌ಗೆ ಪೀರಿಯಡ್ ಅಂತ ಹೆಸರು ಬಿತ್ತು.

ಬೆಂಜರ್ ಸ್ವತಃ ನಿಶಾಚರ. ಮಧ್ಯಾಹ್ನದ ಮೇಲೆ ಪ್ರಯೋಗಾಲಯಕ್ಕೆ ಬಂದು ರಾತ್ರಿಯೆಲ್ಲ ಕೂರುವ ಆಸಾಮಿ. ನಮ್ಮ ಮನೆಗಳಲ್ಲಿ ಇಂಥವರಿಗೆ ಸೋಮಾರಿ ಅನ್ನೋ ಬಿರುದು ಖಾಯಂ. ಆದರೆ ಸಂಜೆಯೇ ತೂಕಡಿಸಿ ನಸುಕಿಗೆ ಮುಂಚೆಯೇ ಏಳುವ ಒಂದು ಕುಟುಂಬದಲ್ಲಿ, ಪೀರಿಯಡ್ ಜೀನ್‌ನ ಮಾನವ ರೂಪಗಳಲ್ಲೊಂದು ಬದಲಾಗಿರುವುದು 2001ರಲ್ಲಿ ಪತ್ತೆಯಾಯಿತು. ಯಾವಾಗ ನಿದ್ದೆ ಬರುತ್ತೆ ಅನ್ನೋದು ಬರೀ ಶಿಸ್ತಿನ ಮಾತಲ್ಲ.

ಈ ಕೆಲಸದ ಬೀಜ ನಮ್ಮ ಕಡೆಗೂ ಬಂತು. ಒಬೈದ್ ಸಿದ್ದಿಕಿ 1970ರ ದಶಕದಲ್ಲಿ ಬೆಂಜರ್ ಜೊತೆ, ಬಿಸಿ ತಾಗಿದರೆ ಲಕ್ವ ಹೊಡೆಯುವ ನೊಣಗಳ ಮೇಲೆ ದುಡಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿದ್ದು ಇದೇ ಸಿದ್ದಿಕಿ.

ಬೆಂಜರ್ 2007ರ ನವೆಂಬರ್ 30ರಂದು ತೀರಿಕೊಂಡರು. ಪ್ರಶಸ್ತಿಗಳು ಸಾಕಷ್ಟು ಬಂದಿದ್ದವು, ನೊಬೆಲ್ ಬರಲಿಲ್ಲ. ಕೊನೋಪ್ಕಾಗೆ ಕ್ಯಾಲ್ಟೆಕ್‌ನಲ್ಲಿ ಕಾಯಂ ಹುದ್ದೆಯೂ ಸಿಗಲಿಲ್ಲ. ಅವರು ಹೋಗಿದ್ದು 2015ರಲ್ಲಿ. ಎರಡೇ ವರ್ಷಕ್ಕೆ, ಅದೇ ಪೀರಿಯಡ್ ಜೀನ್ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ ನೊಬೆಲ್ ಬಂತು. ಮೂವರೂ ಅರ್ಹರೇ, ಹಾಲ್ ಅಂತೂ ಬೆಂಜರ್ ಗರಡಿಯಲ್ಲೇ ಪಳಗಿದವರು. ಸತ್ತವರಿಗೆ ಆ ಪ್ರಶಸ್ತಿ ಕೊಡೋದಿಲ್ಲ.