ಅಬ್ದುಲ್ ರಹಮಾನ್ ಅಝ್ಝಾಮ್

ಅರಬ್ ಲೀಗಿನ ಮೊದಲ ಪ್ರಧಾನ ಕಾರ್ಯದರ್ಶಿ ಅಬ್ದುಲ್ ರಹಮಾನ್ ಅಝ್ಝಾಮ್ ಅವರು 1893ರಲ್ಲಿ ಈಜಿಪ್ಟ್‌ನಲ್ಲಿ ಹುಟ್ಟಿದರು. ನಮ್ಮ ಮನೆಮಾತು ಉರ್ದು, ಹಾಗಾಗಿ ನನಗೆ ಈ ದೇಶ ಮೊದಲು ಗೊತ್ತಾದದ್ದು ಮಿಸ್ರ್ ಎಂಬ ಹೆಸರಿನಲ್ಲಿ. ಆಗ ಅಲ್ಲಿ ಬ್ರಿಟಿಷರ ಸೈನ್ಯವಿತ್ತು.

ಡಾಕ್ಟರಾಗಲು ಅವರು ಲಂಡನ್‌ಗೆ ಹೋದರು. ಆದರೆ ಮೊದಲ ಮಹಾಯುದ್ಧದ ಸಮಯದಲ್ಲಿ ಓದು ಬಿಟ್ಟು ಪಕ್ಕದ ಲಿಬಿಯಾಕ್ಕೆ ಹೋಗಿ, ಇಟಲಿಯ ವಿರುದ್ಧ ಹೋರಾಡುತ್ತಿದ್ದವರ ಜೊತೆ ಸೇರಿದರು. 1918ರಲ್ಲಿ ಅಲ್ಲಿನ ಜನ ಟ್ರಿಪೊಲಿಟೇನಿಯಾ ಗಣರಾಜ್ಯವನ್ನು ಘೋಷಿಸಿದಾಗ ಅದರ ಸಲಹೆಗಾರರಾದರು. ವಯಸ್ಸು ಕೇವಲ 25! ಆ ಗಣರಾಜ್ಯ ಹೆಚ್ಚು ದಿನ ಬಾಳಲಿಲ್ಲ.

ಊರಿಗೆ ಮರಳಿ 1924ರಲ್ಲಿ ಸಂಸತ್ ಸದಸ್ಯರಾದರು. ನಂತರ ಇರಾಕ್, ಇರಾನ್, ಸೌದಿ ಅರೇಬಿಯಾಗಳಲ್ಲಿ ಈಜಿಪ್ಟ್‌ನ ರಾಯಭಾರಿ. 1945ರ ಮಾರ್ಚ್‌ನಲ್ಲಿ ಕೈರೋದಲ್ಲಿ ಅರಬ್ ಲೀಗ್ ಸ್ಥಾಪನೆಯಾದಾಗ ಅದರ ಹೊಣೆ ಇವರಿಗೆ ಬಂತು. 1948ರ ಪ್ಯಾಲೆಸ್ಟೈನ್ ಯುದ್ಧದಲ್ಲಿ ಅರಬ್ ದೇಶಗಳು ಸೋತವು. ಆ ನಷ್ಟವನ್ನು ಇವರ ಖಾತೆಗೆ ಬರೆಯುವವರಿದ್ದಾರೆ. ಯುದ್ಧಕ್ಕೆ ಮೊದಲು ಗಟ್ಟಿಯಾಗಿ ಮಾತನಾಡಿದವರಲ್ಲಿ ಇವರೂ ಒಬ್ಬರು ನಿಜ. ಆದರೆ ಇವರ ಕೈಯಲ್ಲಿ ಸೈನ್ಯವಿರಲಿಲ್ಲ, ಒಬ್ಬೊಬ್ಬ ರಾಜನ ಲೆಕ್ಕ ಒಂದೊಂದು ಥರ ಇತ್ತು. ಪೂರ್ತಿ ತಪ್ಪು ಇವರದೇ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇವರು ಲೀಗಿನಲ್ಲಿದ್ದಾಗಲೇ, 1951ರ ಡಿಸೆಂಬರ್‌ನಲ್ಲಿ, ಲಿಬಿಯಾ ಸ್ವತಂತ್ರವಾಯಿತು.

ಮರುವರ್ಷ ಈಜಿಪ್ಟ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಇವರ ಹುದ್ದೆ ಹೋಯಿತು. ಬಳಿಕ ಬುರೈಮಿ ಎಂಬ ಓಯಸಿಸ್ ಯಾರದೆಂಬ ವಿವಾದದಲ್ಲಿ ಸೌದಿ ಸರ್ಕಾರದ ಪರವಾಗಿ ಕೆಲಸ ಮಾಡಿದರು.

ನನಗೆ ಇವರ ಹೆಸರು ಗೊತ್ತಾದದ್ದು ಮಾತ್ರ ಬೇರೊಬ್ಬರ ಕಥೆಯಿಂದ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಹಜ್ಜಿಗೆಂದು ಜಿದ್ದಾಕ್ಕೆ ಬಂದಿಳಿದರು. ಅಮೆರಿಕದ ಪಾಸ್‌ಪೋರ್ಟ್, ಅರಬಿ ಬಾರದು. ಇವರು ನಿಜವಾಗಿ ಮುಸ್ಲಿಮರೇ ಎಂದು ಅಧಿಕಾರಿಗಳು ತಡೆದರು. ಅವರ ಬಳಿ ಪ್ರವಾದಿಯವರ (ಸ) ಬಗ್ಗೆ ಅಝ್ಝಾಮ್ ಬರೆದ ಪುಸ್ತಕವೂ, ಅಝ್ಝಾಮರ ಮಗ ಉಮರ್ ಅವರ ಫೋನ್ ನಂಬರೂ ಇದ್ದವು. ಫೋನ್ ಮಾಡಿಸಿದ್ದೇ ತಡ, ಉಮರ್ ಬಂದು ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋದರು. ಅಝ್ಝಾಮರು ಜಿದ್ದಾ ಪ್ಯಾಲೇಸ್ ಹೋಟೆಲಿನಲ್ಲಿದ್ದ ತಮ್ಮ ಕೋಣೆಗಳನ್ನೇ ಆ ಅಪರಿಚಿತರಿಗೆ ಬಿಟ್ಟುಕೊಟ್ಟರು. ಅಮೆರಿಕದ ಲೆಕ್ಕದಲ್ಲಿ ಅಝ್ಝಾಮರು ಬಿಳಿಯರು. ಬಿಳಿಯರನ್ನೆಲ್ಲ ಶತ್ರುಗಳೆಂದು ಸಾರುತ್ತಿದ್ದ ಮಾಲ್ಕಮ್ ಆ ಹೋಟೆಲಿನಲ್ಲಿ ಕುಳಿತು ತಮ್ಮ ವಿಚಾರವನ್ನು ಮತ್ತೆ ತೂಗಿ ನೋಡಿದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮಾಲ್ಕಮ್ ಒಂದು ವರ್ಷದೊಳಗೆ ಗುಂಡಿಗೆ ಬಲಿಯಾದರು. ಅಝ್ಝಾಮ್ 1976ರ ಜೂನ್‌ನಲ್ಲಿ ಕೈರೋದಲ್ಲಿ ತೀರಿಕೊಂಡರು.